ರೇಷ್ಮೆಹುಳು ತಳಿ ಸುಧಾರಣೆ

ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುವ ಬಾಂಬಿಕ್ಸ್ ಮೋರಿ ಎಂಬ ಪತಂಗದ ಹುಳುಗಳಲ್ಲಿ ಹೆಚ್ಚು ನೂಲಿನ ಗೂಡು ಕಟ್ಟುವಂಥವನ್ನೂ ರೋಗ ಮತ್ತು ಹವೆಯ ಏರುಪೇರನ್ನು ತಾಳುವಂಥವನ್ನೂ ಪೀಳಿಗೆಯಿಂದ ಪೀಳಿಗೆಗೆ ಆರಿಸಿ, ತಕ್ಕ ಜೋಡಿಗಳನ್ನು ಕೂಡಿಸಿ ಸಂತತಿ ಪಡೆಯುವ ಕ್ರಮಕ್ಕೆ ರೇಷ್ಮೆಹುಳು ತಳಿ ಸುಧಾರಣೆ ಎಂದು ಹೆಸರು. ಈ ಎರಡು ಗುಣಗಳು ಒಂದೇ ಹುಳುವಿನಲ್ಲಿ ಸುಲಭವಾಗಿ ಕೂಡಿಬರುವುದಿಲ್ಲ. ಮಧ್ಯ ಕರ್ನಾಟಕದ ದಾವಣಗೆರೆ, ಹರಿಹರಗಳಂಥ ಬಿರುಬೇಸಿಗೆಯ ಬಯಲಿನಲ್ಲಿ ಈ ತೊಡಕು ಎದ್ದು ಕಾಣುತ್ತದೆ.

ವರ್ಷಕ್ಕೆ ಎಷ್ಟು ಪೀಳಿಗೆ ನಡೆಯುತ್ತದೆ ಎಂಬುದರ ಮೇಲೆ ತಳಿಗಳನ್ನು ಏಕತಳಿ, ದ್ವಿತಳಿ, ಬಹುತಳಿ ಎಂದು ವಿಂಗಡಿಸುತ್ತಾರೆ. ಸಮಶೀತೋಷ್ಣ ದೇಶಗಳ ಏಕತಳಿ, ದ್ವಿತಳಿಗಳ ಮೊಟ್ಟೆಗಳು ಚಳಿಗಾಲ ಕಳೆಯುವವರೆಗೆ ಸುಪ್ತವಾಗಿದ್ದರೆ, ಉಷ್ಣವಲಯದ ಬಹುತಳಿಯ ಮೊಟ್ಟೆಗಳು ಸುಮಾರು ಹತ್ತು ದಿನಗಳಲ್ಲೇ ಒಡೆದು ಮರಿಯಾಗುತ್ತವೆ. ಕರ್ನಾಟಕದ ‘ಮೈಸೂರು ತಳಿ’ ಈ ಬಹುತಳಿ ವರ್ಗದ್ದು. ತಿಳಿ ಹಸಿರು ಮಿಶ್ರಿತ ಹಳದಿ ಬಣ್ಣದ, ತುದಿ ಚೂಪಾದ ಇದರ ಪುಟ್ಟ ಗೂಡಿನಲ್ಲಿ ಎಳೆಯ ಉದ್ದ ಸುಮಾರು 400 ಮೀಟರಿನ ಆಸುಪಾಸಿನಲ್ಲಿದ್ದರೆ ಉತ್ತಮ ದ್ವಿತಳಿ ಸಂಕರಗಳಲ್ಲಿ ಅದು 1,000 ಮೀಟರನ್ನು ದಾಟುತ್ತದೆ. ಇಷ್ಟು ಕಡಿಮೆ ಇಳುವರಿಯ ತಳಿಯನ್ನು ಇಂದಿಗೂ ಕೈಬಿಡದಿರುವುದಕ್ಕೆ ಅದರ ಗಟ್ಟಿತನವೇ ಕಾರಣ: ಸೊಪ್ಪು ಸ್ವಲ್ಪ ಬಾಡಿದ್ದರೂ ಮನೆಯೊಳಗಿನ ಸೆಕೆ ಹೆಚ್ಚಿದ್ದರೂ ಅದು ಬೆಳೆ ಕೈಗೆ ಕೊಡುತ್ತದೆ.

ಬೇರೆ ಬೇರೆ ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯ ಹುಳುಗಳು ತಾಯಿ ತಂದೆ ಇಬ್ಬರಿಗಿಂತಲೂ ಚುರುಕಾಗಿರುವುದನ್ನು ಸಂಕರ ಚೈತನ್ಯ ಎನ್ನುತ್ತಾರೆ. ಮೆಂಡಲನ ಅನುವಂಶೀಯ ನಿಯಮಗಳು ರೇಷ್ಮೆಹುಳುವಿಗೂ ಅನ್ವಯಿಸುತ್ತವೆಂದು ತೋರಿಸಿದ ಜಪಾನಿನ ತೋಯಾಮಾ ಕಾಮೆತಾರೊ 1906ರ ಹೊತ್ತಿಗೆ ಈ ಮೊದಲ ಪೀಳಿಗೆಯನ್ನೇ ರೈತರಿಗೆ ಕೊಡಬೇಕೆಂದು ಸೂಚಿಸಿದನು. ಮೈಸೂರು ಸಂಸ್ಥಾನದಲ್ಲಿಯೂ 20ನೇ ಶತಮಾನದ ಆರಂಭದ ದಶಕಗಳಲ್ಲಿ ಸ್ಥಳೀಯ ಹೆಣ್ಣಿಗೆ ವಿದೇಶಿ ಗಂಡನ್ನು ಕೂಡಿಸುವ ಪ್ರಯತ್ನಗಳು ನಡೆದು, ‘ಮಿಶ್ರತಳಿ’ ಎಂಬ ಹೆಸರಿನ ಬೆಳೆ ನೆಲೆಗೊಂಡಿತು. ಈ ಜೋಡಿಯಲ್ಲಿ ಮೈಸೂರು ತಳಿಯೇ ಹೆಣ್ಣಾಗಿರುವುದಕ್ಕೆ ಬಲವಾದ ಕಾರಣವಿದೆ. ಮೊಟ್ಟೆ ಸುಪ್ತವಾಗಬೇಕೇ ಬೇಡವೇ ಎಂಬುದನ್ನು ತಾಯಿಯೇ ನಿರ್ಧರಿಸುವುದರಿಂದ, ದ್ವಿತಳಿ ಗಂಡಿನೊಂದಿಗೆ ಕೂಡಿದ ಮೈಸೂರು ಹೆಣ್ಣಿನ ಮೊಟ್ಟೆಗಳು ಯಾವ ಉಪಚಾರವೂ ಇಲ್ಲದೆ ಒಡೆಯುತ್ತವೆ. ದ್ವಿತಳಿ ಹೆಣ್ಣಿನ ಮೊಟ್ಟೆಗಳನ್ನು ಕೂಡಲೇ ಮರಿ ಮಾಡಿಸಬೇಕಾದರೆ, ಇಟ್ಟ ಒಂದು ದಿನದೊಳಗೆ 46 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು ಐದು ನಿಮಿಷ ಅದ್ದಬೇಕಾಗುತ್ತದೆ.

ಆಯ್ಕೆಯ ನಿಜವಾದ ಕೆಲಸ ನಡೆಯುವುದು ಬಿತ್ತನೆ ಕೋಠಿಯಲ್ಲಿ, ಅಂದರೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ. ಬಿತ್ತನೆ ಗೂಡಿನ ಒಂದು ಬದಿಯನ್ನು ಬ್ಲೇಡಿನಿಂದ ಕೊಯ್ದು ಕೋಶವನ್ನು ಹೊರತೆಗೆದು, ಹೊಟ್ಟೆಯ ಎಂಟನೆಯ ಖಂಡದಲ್ಲಿ ಗುಣಾಕಾರದಂಥ ಗೆರೆಯಿದ್ದರೆ ಹೆಣ್ಣು, ಒಂಬತ್ತನೆಯದರಲ್ಲಿ ಚುಕ್ಕೆಯಿದ್ದರೆ ಗಂಡು ಎಂದು ಬೇರ್ಪಡಿಸುತ್ತಾರೆ. ಕೋಶದೊಡನೆ ಗೂಡನ್ನೂ ಖಾಲಿ ಕವಚವನ್ನೂ ತೂಗಿ, ಗೂಡಿನ ತೂಕದಲ್ಲಿ ಕವಚದ ಪಾಲು ಶೇಕಡಾ ಎಷ್ಟೆಂದು ಬರೆದಿಡುತ್ತಾರೆ. ಪತಂಗಗಳನ್ನು ಕೆಲವು ಗಂಟೆ ಕೂಡಿಸಿ ಬೇರ್ಪಡಿಸಿದ ಮೇಲೆ ಪ್ರತಿ ಹೆಣ್ಣನ್ನೂ ಒಂದೊಂದು ಮುಚ್ಚಳದಡಿ ಮೊಟ್ಟೆಯಿಡಲು ಬಿಟ್ಟು, ಆಮೇಲೆ ಆ ಹೆಣ್ಣು ಪತಂಗವನ್ನು ಕ್ಷಾರದ್ರಾವಣದಲ್ಲಿ ಅರೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರೆ. ತಾಯಿಯಿಂದ ಮರಿಗೆ ದಾಟುವ ಗಂಟುರೋಗದ ಬೀಜಾಣು ಕಂಡರೆ ಆ ತಾಯಿಯ ಮೊಟ್ಟೆಗಳನ್ನೆಲ್ಲ ನಾಶಪಡಿಸುವ ಈ ಪದ್ಧತಿ ಫ್ರಾನ್ಸಿನ ಲೂಯಿ ಪಾಶ್ಚರನ ಕೊಡುಗೆ. ರೈತರು ‘ನೂರು ಮೊಟ್ಟೆ ಮೇಯಿಸಿದೆವು’ ಎಂದಾಗ ಲೆಕ್ಕಕ್ಕೆ ಬರುವುದು ಇಂಥ ನೂರು ತಾಯಂದಿರು ಇಟ್ಟ ರೋಗರಹಿತ ಮೊಟ್ಟೆಗಳ ನೂರು ಗುಂಪು. ಒಂದೊಂದರಲ್ಲೂ ನಾಲ್ಕೈದು ನೂರು ಮೊಟ್ಟೆಗಳಿರುತ್ತವೆ.

ಕವಚದ ತೂಕವು ಸಂತತಿಗೆ ಚೆನ್ನಾಗಿ ಇಳಿದುಬರುವ ಗುಣವಾದ್ದರಿಂದ ಅದನ್ನು ಆಯ್ಕೆಯಿಂದ ಏರಿಸುವುದು ಸುಲಭ; ಬದುಕುಳಿಯುವ ಗುಣ ಹಾಗೆ ಇಳಿಯುವುದಿಲ್ಲ, ಮೇಲಾಗಿ ಕವಚ ದಪ್ಪವಾದಂತೆ ಅದು ಕುಗ್ಗುವುದೂ ಉಂಟು. 1961ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ರೂಪಿಸಿದ ಎನ್‌ಬಿ4ಡಿ2, ಬಳಿಕ 1990ರ ದಶಕದಲ್ಲಿ ಜಪಾನಿನ ಸಹಕಾರದಿಂದ ಹೊರಬಂದ ಸಿಎಸ್‌ಆರ್2, ಸಿಎಸ್‌ಆರ್4 ಮುಂತಾದ ಬಿಳಿಗೂಡಿನ ದ್ವಿತಳಿಗಳು ನೂಲಿನ ಗುಣಮಟ್ಟವನ್ನು ಬಹಳ ಎತ್ತರಕ್ಕೆ ಒಯ್ದರೂ, ದೊಡ್ಡ ಹುಳುಗಳಿಗೆ 23ರಿಂದ 25 ಡಿಗ್ರಿಯ ತಂಪನ್ನು ಬೇಡುತ್ತವೆ. ಈ ಕೊರತೆ ನೀಗಲು ಅದೇ ಸಂಸ್ಥೆಯ ತಜ್ಞರು ಐದನೆಯ ಹಂತದ ಹುಳುಗಳನ್ನು ಸುಮಾರು 36 ಡಿಗ್ರಿ ತಾಪದಲ್ಲಿಟ್ಟು, ಉಳಿದುಬಂದವುಗಳಿಂದಲೇ ಮುಂದಿನ ಪೀಳಿಗೆ ಪಡೆಯುತ್ತ ಸಿಎಸ್‌ಆರ್18, ಸಿಎಸ್‌ಆರ್19 ಎಂಬ ತಾಪಸಹಿಷ್ಣು ತಳಿಗಳನ್ನು ಬೆಳೆಸಿದರು. ತಕ್ಕಡಿಯ ಬದಲು ಸಾವನ್ನೇ ಅಳತೆಗೋಲಾಗಿಸಿದ ಈ ಪ್ರಯೋಗ ಈ ಕ್ಷೇತ್ರದ ಅತ್ಯಂತ ಅರ್ಥಪೂರ್ಣ ಕೆಲಸಗಳಲ್ಲಿ ಒಂದು.

ಕರ್ನಾಟಕದ ರೇಷ್ಮೆಯ ಸಾಂಪ್ರದಾಯಿಕ ನೆಲೆ ಮೈಸೂರು, ಮಂಡ್ಯ, ಬೆಂಗಳೂರು, ಕೋಲಾರ ಸೀಮೆ. ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಮಾಗಡಿ, ಕುಣಿಗಲ್ ಪ್ರದೇಶಗಳೂ ದಕ್ಷಿಣದಲ್ಲೇ ಇವೆ. ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಯ ಸುತ್ತ ರೇಷ್ಮೆ ತಡವಾಗಿ ಬಂದ ಬೆಳೆ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ‘ಕೃತಕ ರೇಷ್ಮೆ’ ಎನಿಸಿದ ರೇಯಾನಿನ ನಾರು ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತಿರುವಾಗ, ಈಚೆ ದಡದ ಹೊಲಗಳಲ್ಲಿ ಹುಳುವಿನ ರೇಷ್ಮೆ ಸಣ್ಣ ಹಿಡುವಳಿಗಳ ಮಾತಾಗಿಯೇ ಉಳಿದಿರುವುದು ಗಮನಾರ್ಹ. ಭದ್ರಾ ಕಾಲುವೆಯ ನೀರು ಹಿಪ್ಪುನೇರಳೆಗೆ ಅನುಕೂಲವಾದರೂ, ಅದೇ ನೀರಿನ ಭತ್ತದ ಗದ್ದೆಗೆ ಸಿಂಪಡಿಸಿದ ಕೀಟನಾಶಕ ಪಕ್ಕದ ಸೊಪ್ಪಿಗೆ ತಾಗಿದರೆ ಯಾವ ತಳಿಯ ಹುಳುವೂ ಉಳಿಯದು. ಮಳೆಗಾಲ ಮತ್ತು ಚಳಿಗಾಲದ ಬೆಳೆಗಳಿಗೆ ದ್ವಿತಳಿ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಮಾರ್ಚ್‌ನಿಂದ ಮೇ ತನಕ, ತೇವದ ಗೋಣಿಪರದೆ ಕಟ್ಟಿ ಹುಳುಮನೆಯನ್ನು ತಂಪಾಗಿಡಲು ಅನುಕೂಲವಿಲ್ಲದವರಿಗೆ, ಮೈಸೂರು ಹೆಣ್ಣು ಮತ್ತು ಸಿಎಸ್‌ಆರ್2 ಗಂಡಿನ ಮಿಶ್ರತಳಿಯೇ ಹೆಚ್ಚು ಸುರಕ್ಷಿತ.