ಸ್ಟಾರ್ಟರ್‌ನ ಆ ಎರಡು ಸೆಕೆಂಡು

ಪೆರುಂಗುಡಿಯ ನಮ್ಮ ಆಫೀಸಲ್ಲಿ ಸೀಲಿಂಗ್ ತುಂಬ ಎಲ್‌ಇಡಿ ಪ್ಯಾನೆಲ್. ಸ್ವಿಚ್ ಒತ್ತಿದ ಕ್ಷಣಕ್ಕೇ ಬೆಳಕು. ಆದ್ರೂ ಜೋಕ್ ತಡವಾಗಿ ಅರ್ಥ ಆದವನಿಗೆ ಇಲ್ಲಿ ತಮಿಳರೂ ‘ಟ್ಯೂಬ್‌ಲೈಟ್’ ಅಂತಾರೆ, ನಾವೂ ಅಂತೀವಿ. ಹಾಗೆ ರೇಗಿಸೋ ಹುಡುಗರಲ್ಲಿ ಎಷ್ಟೋ ಜನ ಸ್ಟಾರ್ಟರ್ ಕೈಯಲ್ಲಿ ಹಿಡಿದೇ ಇಲ್ಲ. ಅದಕ್ಕೇ ಇವತ್ತು ಆ ತಡದ ಚರಿತ್ರೆ.

ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂದಿದ್ದು 1905ರಲ್ಲಿ. ಬಲ್ಬಿಗೆ ತಡ ಅನ್ನೋದಿಲ್ಲ, ತಂತಿ ಕಾದ್ರೆ ಬೆಳಕು. 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಟ್ಯೂಬ್‌ಲೈಟನ್ನ ಮಾರುಕಟ್ಟೆಗೆ ತಂತು. ಇದರಲ್ಲಿ ಕರೆಂಟು ಹರಿಯಬೇಕಾದ್ದು ಕೊಳವೆಯೊಳಗಿನ ಪಾದರಸದ ಆವಿಯಲ್ಲಿ. ಕೊಳವೆ ತಣ್ಣಗಿದ್ದಾಗ ನಮ್ಮ ಮನೆಯ 230 ವೋಲ್ಟಿಗೆ ಆ ನಾಲ್ಕಡಿ ದಾಟೋ ಶಕ್ತಿ ಇಲ್ಲ.

ಅಲ್ಲಿ ಬರ್ತಾನೆ ಸ್ಟಾರ್ಟರ್. ಹೆಬ್ಬೆರಳಿನಷ್ಟು ಡಬ್ಬಿ, ಒಳಗೆ ಅನಿಲ ತುಂಬಿದ ಪುಟ್ಟ ಗಾಜಿನ ಬುರುಡೆ, ಅದರಲ್ಲಿ ಎರಡು ಲೋಹ ಬೆಸೆದ ಪಟ್ಟಿ. ಸ್ವಿಚ್ ಹಾಕಿದಾಗ ಮೊದಲು ಈ ಅನಿಲ ಮಿಣಮಿಣ ಅನ್ನುತ್ತೆ. ಆ ಬಿಸಿಗೆ ಪಟ್ಟಿ ಬಾಗಿ ಎದುರಿನ ಕಡ್ಡಿಗೆ ತಾಗುತ್ತೆ. ಈಗ ಕರೆಂಟು ಚೋಕ್ ಮೂಲಕ ಟ್ಯೂಬಿನ ಎರಡೂ ತುದಿಯ ತಂತಿಗಳಿಗೆ ಹೋಗಿ ಅವನ್ನ ಕೆಂಪಗೆ ಕಾಯಿಸುತ್ತೆ. ಅಷ್ಟರಲ್ಲಿ ಬುರುಡೆಯ ಮಿಣುಕು ಆರಿದೆ, ಪಟ್ಟಿ ತಣ್ಣಗಾಗಿ ಪಟ್ಟನೆ ಬಿಡಿಸಿಕೊಳ್ಳುತ್ತೆ. ಕರೆಂಟು ಹಠಾತ್ತನೆ ಕಡಿದಾಗ ಚೋಕ್ ನೂರಾರು ವೋಲ್ಟಿನ ಒಂದು ಒದೆ ಕೊಡುತ್ತೆ. ಟ್ಯೂಬ್ ಹತ್ತಿಕೊಳ್ಳುತ್ತೆ. ಒದೆ ಸರಿಯಾದ ಹೊತ್ತಿಗೆ ಬೀಳದಿದ್ರೆ ಮತ್ತೊಂದು ಸುತ್ತು. ನಾವು ನೋಡ್ತಿದ್ದ ಮಿಣುಕು ಇದೇ.

ಒಮ್ಮೆ ಹತ್ತಿಕೊಂಡ್ರೆ ಅವನ ಕೆಲಸ ಮುಗೀತು. ಸ್ಟಾರ್ಟರ್ ತಿರುಗಿಸಿ ಕಿತ್ತರೂ ಟ್ಯೂಬ್ ಉರೀತಾನೇ ಇರುತ್ತೆ. ಒಂದೇ ಸ್ಟಾರ್ಟರಲ್ಲಿ ಮನೆಯ ಎರಡು ಟ್ಯೂಬ್ ಹಚ್ಚಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ನನ್ನ ಪ್ರಕಾರ ನಿಧಾನ ಅನ್ನೋ ಬೈಗುಳ ಇದಕ್ಕೆ ಅನ್ಯಾಯ. ಕಾಯಿಸದೆ ಹಚ್ಚಿದ್ರೆ ತಂತಿಯ ಲೇಪನ ಬೇಗ ಸವೆದು, ತುದಿ ಕಪ್ಪಾಗಿ, ಟ್ಯೂಬ್ ಸಾಯುತ್ತೆ. ಬೇಸಿಗೆಯ ಸಂಜೆ ಊರಲ್ಲಿ ವೋಲ್ಟೇಜ್ ಬಿದ್ದಾಗ ಹೋಂವರ್ಕ್ ಮುಗಿಯೋ ತನಕ ಮಿಣುಕ್ತಿತ್ತಲ್ಲ, ಅದರಲ್ಲಿ ಸ್ಟಾರ್ಟರ್ ತಪ್ಪೇನಿತ್ತು?

ಆಮೇಲೆ ಎಲೆಕ್ಟ್ರಾನಿಕ್ ಚೋಕ್ ಬಂತು, ಸ್ಟಾರ್ಟರ್ ಬೇಡವಾಯ್ತು. ಎಲ್‌ಇಡಿ ಬಂದು ಚೋಕೂ ಹೋಯ್ತು. 1936ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಶುರುವಾಗಿದ್ದ ಮೈಸೂರು ಲ್ಯಾಂಪ್ಸ್ ಅಷ್ಟು ದಿನ ಕಾಯಲೂ ಇಲ್ಲ; ಎಲ್‌ಇಡಿ ಮನೆಮನೆಗೆ ಬರೋ ಮುಂಚೆಯೇ ಬಾಗಿಲು ಹಾಕಿತ್ತು.