ನಿಂತುಹೋದ ಪೈಥಾನ್ ಕೊಳ್ಳಬೇಕಾ?

ಚಿತ್ರದಲ್ಲಿರೋದು ಕೋಲ್ಟ್ ಪೈಥಾನ್. 1955ರಲ್ಲಿ ಅಮೆರಿಕದಲ್ಲಿ ಬಂದ .357 ಮ್ಯಾಗ್ನಮ್ ರಿವಾಲ್ವರ್. ಒಳಗಿನ ಭಾಗಗಳನ್ನು ಕಸುಬುದಾರರು ಕೈಯಿಂದಲೇ ಉಜ್ಜಿ ಕೂರಿಸುತ್ತಿದ್ದರು. ಟ್ರಿಗರ್ ಅಷ್ಟು ನಯವಾಗಿರೋದು, ಬೆಲೆ ಅಷ್ಟು ಜಾಸ್ತಿ ಇದ್ದದ್ದು ಎರಡಕ್ಕೂ ಅದೇ ಕಾರಣ. 2005ರ ಹೊತ್ತಿಗೆ ತಯಾರಿಕೆ ನಿಂತಿತು. ಹಳೇ ಪೈಥಾನ್‌ಗಳ ಬೆಲೆ ಇನ್ನೂ ಏರಿತು!

ನೀವೇ ಅಲ್ಲಿನ ಸಂಗ್ರಹಕಾರರು ಅಂದ್ಕೊಳ್ಳಿ. ಕಪಾಟಿನಲ್ಲಿ ಇಡೋಕಾದ್ರೆ ಒಳ್ಳೇ ಆಸ್ತಿ. ಗುಂಡು ಹೊಡೆಯೋಕಾದ್ರೆ ಯೋಚಿಸಿ. ಒಳಭಾಗ ಸವೆದರೆ ಗುಂಡುಗಳಿರೋ ಸಿಲಿಂಡರ್ ನಳಿಗೆಯ ನೇರಕ್ಕೆ ನಿಲ್ಲಲ್ಲ. ಅದು ಅಪಾಯ. 2020ರಲ್ಲಿ ಕೋಲ್ಟ್ ಪೈಥಾನ್ ಮರಳಿ ತಂದರೂ ಒಳವಿನ್ಯಾಸ ಬದಲಾಗಿದೆ; ಹಳೇದರ ರಿಪೇರಿಗೆ ಹಳೇ ಬಿಡಿಭಾಗವನ್ನೇ ಹುಡುಕಬೇಕು.

ಹಾಗಾಗಿ ಬೆಲೆ ಕೇಳೋ ಮುಂಚೆ, ಇದನ್ನು ರಿಪೇರಿ ಮಾಡಬಲ್ಲವರು ಯಾರಿದ್ದಾರೆ ಅಂತ ಕೇಳಿ.