ಗಂಟು ಮತ್ತು ಮುದ್ರೆ

ಮೊಬೈಲಿಗೆ ಹೊಸ ಆ್ಯಪ್ ಒಂದನ್ನು ಇಳಿಸಿಕೊಳ್ಳುವಾಗ ನಮ್ಮ ಕಣ್ಣಿಗೆ ಬೀಳುವುದು ತುಂಬುತ್ತ ಹೋಗುವ ಒಂದು ಗೆರೆ ಮಾತ್ರ. ಅದರ ಮರೆಯಲ್ಲಿ ಗಂಟು ಕಟ್ಟುವ, ಮುದ್ರೆಯೊತ್ತುವ, ಗಂಟು ಬಿಚ್ಚುವ ಕೆಲಸ ನಡೆದಿರುತ್ತದೆ. ಆ ಗಂಟಿನ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಆಂಡ್ರಾಯ್ಡ್ ಫೋನಿನ ಗಂಟಿಗೆ ಎಪಿಕೆ ಎಂದು ಹೆಸರು. ಅದನ್ನು ಅಕ್ಷರಕ್ಷರವಾಗಿ ಓದಹೊರಟರೆ ಸಾಮಾನ್ಯವಾಗಿ ಮೊದಲು ಎದುರಾಗುವುವು ಪಿ ಮತ್ತು ಕೆ. ಇವು ಫಿಲ್ ಕಾಟ್ಜ್ ಎಂಬ ಅಮೆರಿಕನ್ ತರುಣನ ಹೆಸರಿನ ಮೊದಲಕ್ಷರಗಳು. ಕಡತಗಳನ್ನು ಒತ್ತಿ ಕಿರಿದಾಗಿಸಿ ಒಂದೇ ಗಂಟಿನಲ್ಲಿಡುವ ಜಿಪ್ ಎಂಬ ಕ್ರಮವನ್ನು 1989ರಲ್ಲಿ ರೂಪಿಸಿದವನು ಆತ. ಅದರ ವಿವರಗಳನ್ನು ಬಚ್ಚಿಡದೆ ಎಲ್ಲರ ಮುಂದೆ ತೆರೆದಿಟ್ಟವನೂ ಆತನೇ. 2000ದಲ್ಲಿ, ತನ್ನ 37ನೆಯ ವಯಸ್ಸಿನಲ್ಲಿ, ಹೋಟೆಲಿನ ಕೋಣೆಯೊಂದರಲ್ಲಿ ಒಂಟಿಯಾಗಿ ತೀರಿಕೊಂಡ. ಗುಂಡಿಯೊತ್ತುವ ಫೋನುಗಳ ಕಾಲದ ಜಾವಾ ಆಟಗಳು, 2008ರಲ್ಲಿ ಬಳಕೆಗೆ ಬಂದ ಆಂಡ್ರಾಯ್ಡಿನ ಎಪಿಕೆ, ಐಫೋನಿನ ಐಪಿಎ, ಎಲ್ಲವೂ ಅವನ ಗಂಟಿನ ಸಂತತಿಯೇ.

ಗಂಟಿಗಿಂತ ಮುದ್ರೆಯ ಕಥೆ ದೊಡ್ಡದು. ನಮ್ಮ ತಾಮ್ರಶಾಸನಗಳ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ತುದಿಗಳು ಸೇರುವಲ್ಲಿ ರಾಜಮುದ್ರೆಯನ್ನು ಕೂಡಿಸುತ್ತಿದ್ದರಷ್ಟೆ. ಎಪಿಕೆಯ ಸಹಿಯೂ ಅಂಥದೇ. ಆ್ಯಪ್ ರಚಿಸಿದವನು ತನ್ನ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತಾನೆ. ಅನಂತರ ಒಳಗಿನ ಕಡತವನ್ನು ಯಾರಾದರೂ ತಿದ್ದಿದರೆ ಫೋನು ಅದನ್ನು ನಿರಾಕರಿಸಬೇಕು. ಮುಂದಿನ ಆವೃತ್ತಿಯ ಮೇಲೂ ಅದೇ ಕರ್ತೃವಿನ ಮುದ್ರೆ ಇರಬೇಕು.

ಆದರೆ 2013ರಲ್ಲಿ ಒಂದು ಸೋಜಿಗ ಬಯಲಾಯಿತು. ಗಂಟಿನಲ್ಲಿ ಒಂದೇ ಹೆಸರಿನ ಎರಡು ಕಡತಗಳಿದ್ದರೆ, ಮುದ್ರೆ ಪರೀಕ್ಷಿಸುವ ಭಾಗ ಒಂದನ್ನು ನೋಡುತ್ತಿತ್ತು, ಸ್ಥಾಪಿಸುವ ಭಾಗ ಇನ್ನೊಂದನ್ನು ಎತ್ತಿಕೊಳ್ಳುತ್ತಿತ್ತು! ಮುದ್ರೆ ಒಡೆಯದೆಯೇ ಒಳಗಿನ ಸಾಮಾನು ಬದಲಾಗುತ್ತಿತ್ತು. ಆ ಲೋಪವನ್ನು ಸರಿಪಡಿಸಿದರು. 2016ರ ಆಂಡ್ರಾಯ್ಡ್ 7 ಇಡೀ ಗಂಟಿಗೇ ಸಹಿ ಹಾಕುವ ಕ್ರಮವನ್ನು ತಂದಿತು.

ನನ್ನನ್ನು ಹೆಚ್ಚು ಕಾಡುವುದು 2021ರ ಆಗಸ್ಟಿನ ಮಾರ್ಪಾಟು. ಅಂದಿನಿಂದ ಗೂಗಲ್ ಪ್ಲೇಗೆ ಹೊಸ ಆ್ಯಪ್ ಒಪ್ಪಿಸುವವರು ಸಿದ್ಧ ಎಪಿಕೆಗೆ ಬದಲಾಗಿ ಆ್ಯಪ್ ಬಂಡಲ್ ಎಂಬ ಮೂಲಗಂಟನ್ನು ಕೊಡಬೇಕಾಯಿತು. ಆಯಾ ಫೋನಿಗೆ ಬೇಕಾದ ಭಾಷೆ, ಬೇಕಾದ ಚಿತ್ರಗಳನ್ನಷ್ಟೇ ಆಯ್ದು ಕಟ್ಟಿ ಕೊಡುವುದು ಅಂಗಡಿಯ ಕೆಲಸ. ಇದರಿಂದ ಹೊರೆ ಹಗುರವಾಯಿತು, ನಿಜ. ಆದರೆ ಹಾಗೆ ಕಟ್ಟಿದ ಗಂಟಿಗೆ ಮುದ್ರೆಯೊತ್ತುವುದೂ ಅಂಗಡಿಯೇ. ಅದರ ಕೀಲಿಯೂ ಗೂಗಲ್‌ನ ವಶದಲ್ಲಿ. ಶಾಸನವನ್ನು ಹೊತ್ತು ತರುವವನ ಕೈಗೇ ರಾಜಮುದ್ರೆಯನ್ನು ಒಪ್ಪಿಸಿದಂತೆ ನನಗಿದು ತೋರುತ್ತದೆ.

ಎಫ್-ಡ್ರಾಯ್ಡ್ ಎಂಬ ಮುಕ್ತ ಭಂಡಾರದಲ್ಲಿ ಬೇರೊಂದು ದಾರಿಯುಂಟು. ಅಲ್ಲಿನ ಕೆಲವು ಆ್ಯಪ್‌ಗಳನ್ನು ಮೂಲಬರಹದಿಂದ ಮತ್ತೊಮ್ಮೆ ಕಟ್ಟಿ, ಕರ್ತೃ ಕಳಿಸಿದ ಗಂಟಿನೊಡನೆ ತಾಳೆ ನೋಡುತ್ತಾರೆ. ಎರಡೂ ಒಂದೇ ಎಂದು ಕಂಡುಬಂದರೆ ಕರ್ತೃವಿನ ಸ್ವಂತ ಮುದ್ರೆಯೊಡನೆಯೇ ಅದು ಓದುಗನ ಫೋನಿಗೆ ಬಂದಿಳಿಯುತ್ತದೆ.